ಲಿಂಬೆ-ಮೋಸಂಬಿಯ ಸಿಪ್ಪೆಯೂ ದನಗಳ ಗೋದಲಿಯೂ

(ಶ್ರೀಮಠದ ಅಮೃತ ಮಹೋತ್ಸವದ ಒಕ್ಕಲುತನದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಹುಕಾಲದಿಂದ ಪಾಠಶಾಲೆಯಲ್ಲಿ ವಟುಗಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಬಂದವನು ದನದ ಮೇವಿನ ವಿಷಯವಾಗಿ ಮಾತನಾಡಲು ನಿಂತಿರುವದನ್ನು ಕಂಡು ನಿಮ್ಮಲ್ಲಿ ಕೆಲವರು ಒಳಗೊಳಗೇ ನಗುತ್ತಿರಬಹುದು. ನಗಲಿ. ಕೌಮುದಿಯನ್ನು ಓದಿದವನಿಗೆ ಕಣಿಕೆಯ ವಿಚಾರವೇನು ತಿಳಿದೀತೆಂಬ ಸಂಶಯವು ಯೋಗ್ಯವಾದದ್ದೇ. ಅದು ತಿಳಿಯದೆ ಇದ್ದುದರಿಂದಲೇ ಒಮ್ಮೆ ನನ್ನಿಂದ ದೊಡ್ಡದೊಂದು ತಪ್ಪು ಘಟಿಸಿತು. ಆ ತಪ್ಪಿನಿಂದಲೇ ಈ ವಿಷಯದ ಅಭ್ಯಾಸವೂ ಮೊದಲಾಯಿತು. ಆ ಸಂಗತಿಯನ್ನು ಮುಂದೆ ಹೇಳುವೆನು.

2023ನೆಯ ಇಸವಿಯಲ್ಲಿ ಮುಂಗಾರು ಕೈಕೊಟ್ಟು, ನಮ್ಮ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟದ್ದು ನಿಮಗೆಲ್ಲರಿಗೂ ನೆನಪಿರುವದು. ಅಂಥ ವರುಷಗಳಲ್ಲಿ ಮೊದಲು ಬತ್ತುವದು ಬಾವಿ. ಆಮೇಲೆ ಬರಿದಾಗುವದು ಬಣವೆ. ಬಣವೆ ಬರಿದಾದ ಮೇಲೆ ಒಂದೇ ಎಮ್ಮೆಯನ್ನು ಕಟ್ಟಿ ಅದರ ಹಾಲಿನಿಂದ ಮಕ್ಕಳನ್ನು ಸಾಕುವ ಬಡ ತಾಯಿಯು ಎರಡರಲ್ಲಿ ಒಂದನ್ನು ಆರಿಸಬೇಕಾಗುವದು. ಹಾಲು ಮಾರಿ ಬಂದ ಹಣವನ್ನೆಲ್ಲ ಹಿಂಡಿ-ನುಚ್ಚುಗಳಿಗೆ ಸುರಿಯಬೇಕು, ಇಲ್ಲವೆ ಎಮ್ಮೆಯನ್ನು ಸಂತೆಗೆ ಹೊಡೆಯಬೇಕು. ಇಂಥ ದಿನಗಳಲ್ಲಿಯೇ ಅದೇ ಊರಿನ ಬಸ್ ನಿಲ್ದಾಣದ ಬದಿಗೆ ಹಣ್ಣಿನ ರಸದ ಅಂಗಡಿಗಳ ಮುಂದೆ ಹಿಂಡಿದ ಮೋಸಂಬಿಯ ಹೋಳುಗಳು ರಾಶಿಯಾಗಿ ಬಿದ್ದು, ಸಂಜೆಗೆ ಗಟಾರವನ್ನು ಸೇರುವವು. ಈ ಎರಡು ನೋಟಗಳನ್ನು ಒಂದೇ ದಿನ ಕಂಡವನಿಗೆ ಇವುಗಳ ನಡುವೆ ಒಂದು ದಾರಿಯನ್ನು ಹಾಕಬಾರದೇ ಎಂಬ ಆಲೋಚನೆ ಬಾರದೆ ಇರದು.

ಈ ಜಾತಿಯ ಹಣ್ಣುಗಳು ನಮಗೆ ಹೊಸವಲ್ಲ. ಜಂಬೀರ, ನಿಂಬೂಕ, ಮಾತುಲುಂಗ, ನಾರಂಗ ಎಂದು ಸಂಸ್ಕೃತದಲ್ಲಿ ಇವುಗಳಿಗೆ ಬೇರೆ ಬೇರೆ ಹೆಸರುಗಳುಂಟು. ಈ ನಾರಂಗ ಶಬ್ದವೇ ಪಾರಸಿ ಅರಬೀ ಭಾಷೆಗಳ ಮೂಲಕ ಪಡುವಣಕ್ಕೆ ಪ್ರಯಾಣ ಮಾಡಿ ಇಂಗ್ಲಿಷಿನ ಆರೆಂಜ್ ಆಯಿತು. ಮಾತುಲುಂಗವೆಂದರೆ ನಮ್ಮ ಮಾದಲ. ಕೊಲ್ಲಾಪುರದ ಮಹಾಲಕ್ಷ್ಮಿಯ ಮೂರ್ತಿಯು ಕೈಯಲ್ಲಿ ಹಿಡಿದಿರುವದು ಇದೇ ಹಣ್ಣನ್ನು. ಇರಲಿ, ಶಬ್ದಗಳ ಬೆನ್ನು ಹತ್ತಿದರೆ ನನಗೆ ಹೊತ್ತು ಹೋದದ್ದು ತಿಳಿಯದು. ನಮ್ಮ ಸೀಮೆಗೆ ಸಂಬಂಧಿಸಿದ ಮಾತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳ ಕಡೆಯ ಕಾಗದಿ ಲಿಂಬೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕವೆಂಬ ಮನ್ನಣೆಯೂ ಈಚೆಗೆ ದೊರೆತಿದೆ. ಮೋಸಂಬಿಯು ನಮ್ಮ ಪೇಟೆಗಳಿಗೆ ಅನಂತಪುರದ ಕಡೆಯಿಂದಲೂ ಮರಾಠವಾಡೆಯಿಂದಲೂ, ಕಿತ್ತಳೆಯು ನಾಗಪುರದಿಂದಲೂ ಬರುವದು. ಲಿಂಬೆಯ ಬೆಲೆ ಬಿದ್ದ ದಿನ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣು ಗಿಡದ ಬುಡದಲ್ಲಿಯೇ ಕೊಳೆಯುವದನ್ನು ತೋಟವುಳ್ಳವರು ಬಲ್ಲರು.

ನೂರು ಕಿಲೋ ಹಣ್ಣನ್ನು ಹಿಂಡಿದರೆ ಹೆಚ್ಚುಕಡಿಮೆ ಐವತ್ತು ಕಿಲೋ ಸಿಪ್ಪೆ, ತಿರುಳು, ಬೀಜಗಳು ಉಳಿಯುವವು. ಅರ್ಧ ಹಣ್ಣು ನಮಗೆ, ಇನ್ನರ್ಧ ಗಟಾರಕ್ಕೆ ಎಂಬಂತಾಯಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವದು. ಅದನ್ನು ನನ್ನೆದುರಿಗೇ ಒಬ್ಬ ಹಿರಿಯ ಭಕ್ತರು ಆಡಿದ್ದರು: “ಶಾಸ್ತ್ರಿಗಳೇ, ಬಸವಣ್ಣನೆಂದು ಕೈಮುಗಿಯುವ ಪ್ರಾಣಿಗೆ ಅಂಗಡಿಯ ಕಸವನ್ನು ತಿನ್ನಿಸುವದು ಧರ್ಮವೋ?” ಪ್ರಶ್ನೆಯು ಭಕ್ತಿಯಿಂದ ಬಂದದ್ದು, ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ನಾನು ಅವರನ್ನು ಮರಳಿ ಕೇಳಿದೆನು: ದನವು ಎಂದಾದರೂ ನಾವು ಉಣ್ಣುವದನ್ನು ಉಂಡಿದೆಯೇ? ತೆನೆ ನಮ್ಮದು, ಕಣಿಕೆ ಅದರದು. ಬೇಳೆ ನಮ್ಮದು, ಹೊಟ್ಟು ಅದರದು. ಎಣ್ಣೆ ನಮ್ಮದು, ಗಾಣದಲ್ಲಿ ಹಿಂಡಿ ಉಳಿದದ್ದು ಅದರದು. ಆದಕಾರಣವೇ ಅದಕ್ಕೆ ಹಿಂಡಿ ಎಂಬ ಹೆಸರು ಬಂದಿತು. ಶೇಂಗಾದ ಹಿಂಡಿಯು ಕಸವಲ್ಲವೆಂದ ಮೇಲೆ ಮೋಸಂಬಿಯ ಹಿಂಡಿಯು ಹೇಗೆ ಕಸವಾದೀತು? ಯಂತ್ರದಲ್ಲಿ ಹಿಂಡಿದ ಹೋಳನ್ನು ಯಾರೂ ಬಾಯಿಗೆ ಹಚ್ಚಿರುವದಿಲ್ಲ; ಅದು ಎಂಜಲೂ ಅಲ್ಲ. ಕಸವಾಗುವದು ಅದನ್ನು ನಾವು ಕಸದಲ್ಲಿ ಎಸೆದಾಗ ಮಾತ್ರ. ಅವರು ತಲೆದೂಗಿದರು, ಆದರೂ “ತೊಳೆದು ಹಾಕಿರಿ” ಎಂದು ಕಟ್ಟಪ್ಪಣೆ ಮಾಡಿ ಹೋದರು. ಆ ಅಪ್ಪಣೆಯು ನನ್ನ ತರ್ಕಕ್ಕಿಂತ ಹೆಚ್ಚು ಉಪಯೋಗದ್ದಾಗಿತ್ತೆಂದು ಮುಂದೆ ತಿಳಿಯಿತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬವನಿದ್ದನು. ದನ ಕಾಯುವದೇ ಅವನ ಕಾಯಕ. ದನ ಕಾಯುವವನೂ ವಚನಕಾರನಾದ ಪರಂಪರೆ ನಮ್ಮದು. ಹೀಗಿರಲು ವಚನ ಓದುವವರು ದನದ ಗೋದಲಿಯತ್ತ ನೋಡದೆ ಇರುವದು ಶೋಭಿಸದು.

ಈಗ ಸಿಪ್ಪೆಯಲ್ಲಿ ಇರುವದೇನು ಎಂಬದನ್ನು ನೋಡೋಣ. ಹಸಿಯ ಸಿಪ್ಪೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಬರಿಯ ನೀರು. ಒಣಗಿಸಿದರೆ ಐದು ಕಿಲೋ ಸಿಪ್ಪೆ ಒಂದು ಕಿಲೋ ಆಗುವದು. ಆ ಒಂದು ಕಿಲೋದ ಶಕ್ತಿಯು ಕಾಳಿನ ಸಮೀಪಕ್ಕೆ ಬರುವದು. ಆದರೆ ಆ ಶಕ್ತಿಯ ಬಗೆ ಬೇರೆ. ಜೋಳ ಮೆಕ್ಕೆಜೋಳಗಳಲ್ಲಿ ಇರುವದು ಪಿಷ್ಟ. ಪಿಷ್ಟವನ್ನು ಒಮ್ಮೆಲೇ ಬಹಳ ತಿನ್ನಿಸಿದರೆ ದನದ ಮೊದಲ ಹೊಟ್ಟೆಯಲ್ಲಿ ಅದು ಬೇಗನೆ ಹುಳಿತು, ಹುಳಿಯೇರಿ, ದನವು ಮೆಲುಕು ಬಿಟ್ಟು ಮಲಗುವದು. ಸಿಪ್ಪೆಯಲ್ಲಿ ಪಿಷ್ಟವು ಬಹಳ ಕಡಿಮೆ. ಅದರ ಬದಲು ಪೆಕ್ಟಿನ್ ಎಂಬ ಅಂಟಿನಂಥ ವಸ್ತುವು ಒಣತೂಕದ ಐದರಲ್ಲೊಂದು ಪಾಲಿನಷ್ಟೋ ಅದಕ್ಕೆ ತುಸು ಹೆಚ್ಚಾಗಿಯೋ ಇರುವದು. ಹಣ್ಣಿನ ಮುರಬ್ಬವು ಗಟ್ಟಿಯಾಗುವದು ಇದೇ ಪೆಕ್ಟಿನ್ನಿನಿಂದ. ಇದೂ ಹೊಟ್ಟೆಯಲ್ಲಿ ಬೇಗನೆ ಕರಗುವದಾದರೂ ಅದರಿಂದ ಹುಟ್ಟುವದು ಮುಖ್ಯವಾಗಿ ಹಾಲಿನ ಬೆಣ್ಣೆಯಂಶಕ್ಕೆ ಬೇಕಾದ ಸೌಮ್ಯವಾದ ಆಮ್ಲ; ದನವನ್ನು ಕೆಡವುವ ತೀಕ್ಷ್ಣವಾದ ಹುಳಿಯಲ್ಲ. ಇದು ಸಿಪ್ಪೆಯ ಗುಣ.

ದೋಷವನ್ನೂ ಹೇಳಬೇಕು. ಅದರಲ್ಲಿ ಸಸಾರಜನಕವು ನೂರಕ್ಕೆ ಆರೇಳು ಪಾಲು ಮಾತ್ರ. ಹಿಂಡಿಯ ಮುಂದೆ ಅದು ಲೆಕ್ಕಕ್ಕಿಲ್ಲ. ಸುಣ್ಣದಂಶವು ಬಹಳ, ರಂಜಕವು ತೀರ ಅಲ್ಪ. ಉದ್ದನೆಯ ನಾರು ಇಲ್ಲದ್ದರಿಂದ ಅದನ್ನೇ ತಿಂದ ದನವು ಸರಿಯಾಗಿ ಮೆಲುಕು ಹಾಕಲಾರದು. ಆದಕಾರಣ ಈ ಮಾತನ್ನು ದಯಮಾಡಿ ಗಂಟು ಹಾಕಿಕೊಳ್ಳಿರಿ: ಸಿಪ್ಪೆಯು ನುಚ್ಚಿನ ಬದಲಿಗೆ ಬರುವ ಪದಾರ್ಥ, ಕಣಿಕೆಯ ಬದಲಿಗಲ್ಲ, ಹಿಂಡಿಯ ಬದಲಿಗಂತೂ ಅಲ್ಲವೇ ಅಲ್ಲ. ನುಚ್ಚಿನ ಅರ್ಧವನ್ನು ಉಳಿಸಿಕೊಟ್ಟರೂ ಬಡವನಿಗೆ ಅದು ಸಣ್ಣ ಉಳಿತಾಯವಲ್ಲ.

ಇದು ನಾವು ಮೊದಲು ಕಂಡುಹಿಡಿದ ಉಪಾಯವೇನೂ ಅಲ್ಲ. ಅಮೇರಿಕೆಯ ಫ್ಲೋರಿಡಾ ಪ್ರಾಂತದಲ್ಲಿ ರಸ ತೆಗೆದು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳು ಬೆಳೆದಂತೆ ಸಿಪ್ಪೆಯ ಗುಡ್ಡೆಗಳ ದುರ್ನಾತವು ಸಹಿಸಲಾರದಷ್ಟಾಯಿತು. 1930ರ ದಶಕದಲ್ಲಿ ಅಲ್ಲಿಯವರು ಕತ್ತರಿಸಿದ ಸಿಪ್ಪೆಗೆ ತುಸು ಸುಣ್ಣವನ್ನು ಬೆರೆಯಿಸಿ, ಅದು ಹಿಡಿದಿಟ್ಟ ನೀರನ್ನು ಬಿಡಿಸಿ, ಒತ್ತಿ, ಒಣಗಿಸಿ ದನಗಳಿಗೆ ಮಾರಹತ್ತಿದರು. ತರುವಾಯ ಬ್ರಾಜಿಲ್ ದೇಶವು ಅದನ್ನೇ ಗುಳಿಗೆಗಳನ್ನಾಗಿ ಮಾಡಿ ಯುರೋಪಿನ ಹಾಲಿನ ದನಗಳಿಗೆ ಹಡಗುಗಟ್ಟಲೆ ಕಳಿಸಿತು. ಆದರೆ 1998ರಲ್ಲಿ ಜರ್ಮನಿಯ ಹಾಲಿನಲ್ಲಿ ಡಯಾಕ್ಸಿನ್ ಎಂಬ ವಿಷವು ಹೆಚ್ಚಿದ್ದು ಕಂಡುಬಂದು, ಮೂಲವನ್ನು ಹುಡುಕುತ್ತ ಹೋದರೆ ಬ್ರಾಜಿಲ್ಲಿನ ಈ ಗುಳಿಗೆಗಳ ತನಕ ಹೋಗಿ ಮುಟ್ಟಿತು. ದೋಷವು ಸಿಪ್ಪೆಯಲ್ಲಿರಲಿಲ್ಲ, ಅದರಲ್ಲಿ ಬೆರೆಯಿಸಿದ ಸುಣ್ಣವು ಮಲಿನವಾದದ್ದಾಗಿತ್ತು. ನಮ್ಮ ಮನೆಗಳಲ್ಲಿ ಸುಣ್ಣ ಬೆರೆಯಿಸುವ ಕಾರಣವಿಲ್ಲ; ಬಿಸಿಲು ನಮಗೆ ಧಾರಾಳವಾಗಿ ಉಂಟು. ಆದರೂ ಗೋದಲಿಯಲ್ಲಿ ಬಿದ್ದದ್ದು ಬಟ್ಟಲಿನ ತನಕ ಬರುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ನನ್ನ ತಪ್ಪಿನ ಕಥೆ. ಬರದ ಆ ವರುಷ ಗೋಶಾಲೆಯ ಉಗ್ರಾಣದ ಲೆಕ್ಕವು ನನ್ನ ಕೈಯಲ್ಲಿತ್ತು. ಮೆಕ್ಕೆಜೋಳದ ನುಚ್ಚಿನ ಖರ್ಚನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ಸಿಪ್ಪೆಯ ವಿಷಯವನ್ನು ಎಲ್ಲಿಯೋ ಓದಿದ್ದೆನು. ಓದಿದ ಕೂಡಲೇ ಪಂಡಿತನಾದೆನು. ಪೇಟೆಯ ಅಂಗಡಿಗಳಿಂದ ಚೀಲಗಟ್ಟಲೆ ಸಿಪ್ಪೆಯನ್ನು ತರಿಸಿ ಗೋಶಾಲೆಯ ಮೂಲೆಯಲ್ಲಿ ಒಟ್ಟಿಸಿದೆನು. ಪುಕ್ಕಟೆ ಬಂದದ್ದೆಂಬ ಸಂತೋಷದಲ್ಲಿ ಖರ್ಚಾಗುವದಕ್ಕಿಂತ ಹೆಚ್ಚು ತರಿಸಿದೆನು. ನಾಲ್ಕನೆಯ ದಿನಕ್ಕೆ ರಾಶಿಯ ಒಳಗೆ ಕಾವು ಹುಟ್ಟಿತು. ಮೇಲೆ ಹಸುರು ನೀಲಿ ಬಣ್ಣದ ಬೂಷ್ಟು ಹಬ್ಬಿತು. ಗೋಶಾಲೆಯಲ್ಲಿ ದನಗಳ ನಡುವೆಯೇ ಮುದುಕನಾದ ಒಬ್ಬ ಅಜ್ಜನಿದ್ದಾನೆ. ಅವನು ನನ್ನ ಬಳಿಗೆ ಬಂದು, “ಅಪ್ಪಾರ, ಬೂಷ್ಟ ಹಿಡದೈತ್ರಿ, ದನಕ್ಕ ಇದು ಬ್ಯಾಡ್ರಿ” ಎಂದನು. ನಾನು, “ಮೇಲಿನದನ್ನು ತೆಗೆದು ಒಳಗಿನದನ್ನು ಹಾಕು, ಪುಸ್ತಕದಲ್ಲಿ ಬರೆದದ್ದು ಸುಳ್ಳಾಗುವದೇ?” ಎಂದೆನು. ಪುಸ್ತಕದಲ್ಲಿ ಸಿಪ್ಪೆಯನ್ನು ಹಾಕಬಹುದೆಂದಿತ್ತು. ಕೊಳೆತ ಸಿಪ್ಪೆಯನ್ನು ಹಾಕಬಹುದೆಂದು ಇರಲಿಲ್ಲ. ಈ ಭೇದವನ್ನು ವಟುಗಳಿಗೆ ಕಲಿಸುವವನು ನಾನೇ.

ಮೂರು ದಿನಗಳಲ್ಲಿ ಗೌರಿ ಎಂಬ ನಮ್ಮ ಆಕಳು ಮೇವು ಬಿಟ್ಟಿತು. ಬೇಧಿ ಹತ್ತಿತು, ಮೈ ಸುಡುತ್ತಿತ್ತು, ಎದ್ದು ನಿಲ್ಲಲಾರದಾಯಿತು. ಪಶುವೈದ್ಯರು ಬಂದು, ರಾಶಿಯನ್ನು ನೋಡಿ, ಏನೂ ಮಾತಾಡದೆ ಅದನ್ನು ತಿಪ್ಪೆಗೆ ಹಾಕಿಸಿದರು. ಆಮೇಲೆ ಆಕಳಿಗೆ ಮದ್ದು ಕೊಟ್ಟರು. ಸಿಪ್ಪೆಯ ಮೇಲೆ ಬೆಳೆಯುವ ಬೂಷ್ಟುಗಳಲ್ಲಿ ಕೆಲವು ಸಿಟ್ರಿನಿನ್ ಎಂಬ ವಿಷವನ್ನು ಹುಟ್ಟಿಸುವವೆಂದೂ ಅದು ಮೂತ್ರಪಿಂಡಗಳನ್ನು ಕೆಡಿಸುವದೆಂದೂ ಕಣ್ಣಿಗೆ ಕಾಣುವ ಬೂಷ್ಟನ್ನು ತೆಗೆದರೂ ವಿಷವು ಒಳಗೆ ಉಳಿಯುವದೆಂದೂ ಅವರಿಂದ ಆಗ ಕೇಳಿದೆನು. ಗೌರಿಯು ಬದುಕಿತು, ಗುರುವಿನ ಕೃಪೆ. ಆದರೆ ಹಾಲು ಬತ್ತಿ ಹೋಯಿತು. ಆ ಹಾಲು ಪಾಠಶಾಲೆಯ ಸಣ್ಣ ವಟುಗಳಿಗೆ ಸಂಜೆ ಸಲ್ಲುತ್ತಿದ್ದ ಹಾಲು. ಮರುದಿನದಿಂದ ಆ ಮಕ್ಕಳು ಬರಿಯ ಬಟ್ಟಲುಗಳನ್ನು ಹಿಡಿದು ಸಾಲಿನಲ್ಲಿ ಕುಳಿತದ್ದನ್ನು ನಾನು ನೋಡಬೇಕಾಯಿತು. ಅಜ್ಜನ ಮುಂದೆ ಕೈಮುಗಿದು ತಪ್ಪಾಯಿತೆಂದೆನು. ಅವನು, “ಇರ್ಲಿ ಬಿಡ್ರಿ ಅಪ್ಪಾರ, ಮುಂದ ಹ್ಯಾಂಗ ಮಾಡೂದು ಹೇಳ್ರಿ” ಎಂದನು. ಆ ಮಾತಿನಿಂದಲೇ ಮುಂದಿನ ಕೆಲಸ ನಡೆಯಿತು.

ಮುಂದೆ ನಾವು ಮಾಡಿದ್ದು ಹೀಗೆ. ಒಪ್ಪಿದ ಕೆಲವು ಅಂಗಡಿಯವರಿಗೆ ಮುಚ್ಚಳವಿರುವ ಎರಡೆರಡು ಡಬ್ಬಿಗಳನ್ನು ಕೊಟ್ಟೆವು. ಒಂದು ಸಿಪ್ಪೆಗೆ, ಇನ್ನೊಂದು ಪ್ಲಾಸ್ಟಿಕ್ಕಿನ ನಳಿಕೆ, ಲೋಟ ಮೊದಲಾದವುಗಳಿಗೆ. ಈ ವಿಂಗಡಣೆಯೇ ಎಲ್ಲಕ್ಕೂ ಮೊದಲನೆಯದು. ನಮ್ಮ ಪೇಟೆಯ ಬೀದಿಯ ದನಗಳ ಹೊಟ್ಟೆಯಲ್ಲಿ ಎಷ್ಟು ಪ್ಲಾಸ್ಟಿಕ್ ಇರುವದೆಂಬದನ್ನು ಪಶುವೈದ್ಯರಿಂದ ಕೇಳಿದರೆ ಅನ್ನ ಸೇರದು. ಬೆಳಿಗ್ಗೆ ತುಂಬಿದ ಡಬ್ಬಿಯು ಸಂಜೆಗೆ ಗೋಶಾಲೆಗೆ ಬರಬೇಕು. ತೊಳೆಯಬೇಕು, ಯಾಕಂದರೆ ಹಣ್ಣಿನ ಮೇಲೆ ಮೇಣವೂ ಔಷಧಿಯ ಅಂಶವೂ ಇರಬಹುದು. ಅಂದೇ ಸಣ್ಣದಾಗಿ ಕತ್ತರಿಸಬೇಕು. ಇಡಿಯ ಲಿಂಬೆಯನ್ನಾಗಲಿ ದೊಡ್ಡ ಹೋಳನ್ನಾಗಲಿ ಎಂದೂ ಹಾಕಬಾರದು. ಅದು ದನದ ಗಂಟಲಲ್ಲಿ ಸಿಕ್ಕಿಕೊಂಡರೆ ತೇಗು ಬಾರದೆ ಹೊಟ್ಟೆಯುಬ್ಬಿ, ವೈದ್ಯರು ಬರುವದರೊಳಗೆ ಪ್ರಾಣವೇ ಹೋಗಬಹುದು. ಉಪ್ಪಿನಕಾಯಿಯ ಸಿಪ್ಪೆಯನ್ನು ಹತ್ತಿರಕ್ಕೂ ತರಬಾರದು. ತೋಟದಲ್ಲಿ ಉದುರಿದ ಕಾಯಿಯನ್ನು ಆಯ್ದು ಹಾಕುವವರು ಔಷಧಿ ಸಿಂಪಡಿಸಿದ ದಿನವನ್ನು ನೆನಪಿನಲ್ಲಿಡಬೇಕು.

ಕತ್ತರಿಸಿದ ಸಿಪ್ಪೆಗೆ ಮೂರು ದಾರಿಗಳುಂಟು. ಅಂದಿನದನ್ನು ಅಂದೇ ಹಸಿಯದಾಗಿ ಹಾಕುವದು ಒಂದು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ತೆಳ್ಳಗೆ ಹರವಿ, ದಿನಕ್ಕೆ ಎರಡು ಮೂರು ಸಲ ತಿರುವಿ, ಮುರಿದರೆ ಟಕ್ಕೆನ್ನುವ ತನಕ ಒಣಗಿಸಿ ಇಡುವದು ಎರಡನೆಯದು. ಒಣಗಿದರೆ ಸಿಪ್ಪೆಯ ಎಣ್ಣೆಯ ಘಾಟೂ ತಗ್ಗುವದು. ಮಳೆಗಾಲಕ್ಕೂ ಮೋಡದ ದಿನಗಳಿಗೂ ಮೂರನೆಯ ದಾರಿಯೇ ಸರಿ. ಅದು ಗುಂಡಿಯ ದಾರಿ.

ಇದನ್ನು ಕೇಳಿ ನಮ್ಮ ಅಜ್ಜನು, “ಇದು ಹಗೇವಿನ ಹಾಂಗ ಆತ್ರಿ” ಎಂದನು. ನಿಜ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿ ವರುಷಗಟ್ಟಲೆ ಕಾಯ್ದರು. ಭೇದವಿಷ್ಟೇ: ಹಗೇವಿನಲ್ಲಿ ಒಣ ಕಾಳು ಕೆಡದೆ ಇರಬೇಕು, ಇಲ್ಲಿ ಹಸಿಯ ಸಿಪ್ಪೆ ಹದವಾಗಿ ಹುಳಿಯಬೇಕು. ಇದನ್ನೇ ಈಗ ರಸಮೇವು ಎನ್ನುವರು. ನೂರು ಕಿಲೋ ಸಿಪ್ಪೆಗೆ ಇಪ್ಪತ್ತು ಕಿಲೋ ಕತ್ತರಿಸಿದ ಒಣ ಕಣಿಕೆಯನ್ನು ಬೆರೆಯಿಸಬೇಕು. ಬರಿಯ ಸಿಪ್ಪೆಯಾದರೆ ನೀರು ಬಿಟ್ಟು ಸತ್ವವೆಲ್ಲ ಸೋರಿಹೋಗುವದು, ಕಣಿಕೆಯು ಆ ರಸವನ್ನು ಕುಡಿದು ತಾನೂ ಮೆತ್ತಗಾಗುವದು. ದಟ್ಟವಾದ ಹಾಳೆಯನ್ನು ಹಾಸಿದ ಗುಂಡಿಯಲ್ಲಿ ಪದರು ಪದರಾಗಿ ಹಾಕಿ ತುಳಿಯಬೇಕು. ತುಳಿಯುವದೇ ಇಲ್ಲಿಯ ಮರ್ಮ. ಒಳಗೆ ಗಾಳಿ ಉಳಿದಷ್ಟು ಬೂಷ್ಟು ಹುಟ್ಟುವದು. ಪಾಠಶಾಲೆಯ ಹುಡುಗರು ಆದಿತ್ಯವಾರ ಈ ಕೆಲಸವನ್ನು ಪಾಠಕ್ಕಿಂತ ಹೆಚ್ಚು ಉತ್ಸಾಹದಿಂದ ಮಾಡಿದರೆಂದು ಒಪ್ಪಿಕೊಳ್ಳಲೇಬೇಕು. ಮೇಲೆ ಹಾಳೆ ಮುಚ್ಚಿ ಮಣ್ಣು ಹೇರಿ ಆರು ವಾರ ಬಿಟ್ಟೆವು. ತೆರೆದಾಗ ಬಂದದ್ದು ಕೊಳೆತ ನಾತವಲ್ಲ, ಹುಳಿಸಿಹಿಯ ಪರಿಮಳ. ಬಣ್ಣವು ಕಂದುಹಳದಿ. ಮೂಲೆಯೊಂದರಲ್ಲಿ ಗಾಳಿ ಹೊಕ್ಕು ಒಂದು ಬುಟ್ಟಿಯಷ್ಟು ಬೂಷ್ಟು ಹಿಡಿದಿತ್ತು. ಅದನ್ನು ಸುತ್ತಲಿನ ಒಳ್ಳೆಯದರೊಡನೆಯೇ ತೆಗೆದು ತಿಪ್ಪೆಗೆ ಹಾಕಿದೆವು. ಈ ಸಲ ನಾನು ಪುಸ್ತಕವನ್ನು ಕೇಳಲಿಲ್ಲ. ಅಜ್ಜನ ಮುಖವನ್ನು ನೋಡಿದೆನು.

ಎಷ್ಟು ಹಾಕಬೇಕೆಂಬ ಲೆಕ್ಕ. ನಾಲ್ಕು ನೂರು ಕಿಲೋ ತೂಕದ ಎಮ್ಮೆಯು ದಿನಕ್ಕೆ ಹತ್ತು ಕಿಲೋದಷ್ಟು ಒಣತೂಕದ ಆಹಾರವನ್ನು ತಿನ್ನುವದೆಂದು ಹಿಡಿಯಿರಿ. ಸಿಪ್ಪೆಯು ಅದರ ಐದರಲ್ಲೊಂದು ಪಾಲನ್ನು ಮೀರಬಾರದು. ಅಂದರೆ ಒಣಗಿದ್ದು ಎರಡು ಕಿಲೋ, ಹಸಿಯದಾದರೆ ಹತ್ತು ಕಿಲೋ. ನಾವು ಅದರ ಅರ್ಧದಲ್ಲಿಯೇ ನಿಂತಿದ್ದೇವೆ. ಮೂರು ಕಿಲೋ ನುಚ್ಚು ಇಡುತ್ತಿದ್ದಲ್ಲಿ ಈಗ ಎರಡು ಇಡುವೆವು. ಹಿಂಡಿಯನ್ನು ಕಡಿಮೆ ಮಾಡಿಲ್ಲ, ಹೊರತು ಒಂದು ಹಿಡಿ ಹೆಚ್ಚಿಸಿದ್ದೇವೆ. ಖನಿಜದ ಪುಡಿಯನ್ನು ತಪ್ಪಿಸುವದಿಲ್ಲ. ಮೊದಲ ದಿನ ಒಂದು ಬೊಗಸೆಯಿಂದ ಆರಂಭಿಸಿ, ಹತ್ತು ಹನ್ನೆರಡು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಬರಬೇಕು. ದನವು ಮೊದಲು ಮೂಸಿ ಮುಖ ತಿರುವುವದು. ಮೋಸಂಬಿಗೆ ಬೇಗನೆ ಒಗ್ಗುವದು. ಲಿಂಬೆಯ ಹುಳಿಗೆ ಒಗ್ಗಲು ತಡ. ಹೊಟ್ಟಿನಲ್ಲಿ ಕಲಿಸಿ ತುಸು ಬೆಲ್ಲದ ನೀರನ್ನು ಚಿಮುಕಿಸಿದರೆ ಹಟ ಬಿಡುವದು. ಹಾಲಿಗೆ ವಾಸನೆ ಬಾರದಂತೆ ಕರೆದ ಮೇಲೆ ಹಾಕುವದು ಲೇಸು.

ಈಯುವ ಮುನ್ನ ಮೂರು ನಾಲ್ಕು ವಾರ ಗಬ್ಬದ ಆಕಳಿಗೂ ಎಮ್ಮೆಗೂ ಇದನ್ನು ಹಾಕಬೇಡಿರಿ. ಸಿಪ್ಪೆಯಲ್ಲಿ ಸುಣ್ಣದಂಶವು ಬಹಳವೆಂದೆನಷ್ಟೆ. ಆ ದಿನಗಳಲ್ಲಿ ಸುಣ್ಣದಂಶವು ಹೊರಗಿನಿಂದ ಧಾರಾಳವಾಗಿ ಬಂದರೆ, ತನ್ನ ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ಶಕ್ತಿಯನ್ನು ದೇಹವು ಮರೆಯುವದು. ಈದ ಕೂಡಲೇ ಹಾಲಿಗೆ ಒಮ್ಮೆಲೇ ಬೇಕಾದಾಗ ಕೊಡಲಾರದೆ ದನವು ನೆಲ ಹಿಡಿಯುವದು. ಇದನ್ನು ಹಾಲುಜ್ವರವೆನ್ನುವರು, ಹೆಸರು ಜ್ವರ, ಮೈ ಮಾತ್ರ ತಣ್ಣಗೆ. ಎಳೆಗರುಗಳಿಗೂ ಇದು ಬೇಡ. ಅವುಗಳ ಮೊದಲ ಹೊಟ್ಟೆಯು ಇನ್ನೂ ಬೆಳೆದಿರುವದಿಲ್ಲ.

ಗೌರಿಯ ಸಂಗತಿಯನ್ನು ಕೇಳಬೇಕೆಂದು ಕೆಲವು ತಾಯಂದಿರು ಮುಖ ಮಾಡಿರುವದು ಕಾಣುತ್ತಿದೆ. ಅದು ಮರಳಿ ಗಬ್ಬವಾಗಿ ಈದಿತು; ಹೆಣ್ಣುಗರು. ಈದ ಒಂದು ತಿಂಗಳಿಗೆ ಅಜ್ಜನು ತಾನಾಗಿಯೇ ಅದರ ಗೋದಲಿಯಲ್ಲಿ ಒಂದು ಬೊಗಸೆ ರಸಮೇವನ್ನು ಇಟ್ಟನು. ನನಗೆ ನಿಂತು ನೋಡುವ ಧೈರ್ಯವಾಗದೆ ಕಂಬದ ಮರೆಗೆ ಸರಿದೆನು. ಅದು ತಿಂದಿತು. ವಟುಗಳ ಬಟ್ಟಲುಗಳಿಗೆ ಈಗ ಸಂಜೆ ಹಾಲು ಸಲ್ಲುತ್ತಿದೆ.

ಈ ಮಹೋತ್ಸವದ ದಾಸೋಹದಲ್ಲಿ ಪಾನಕಕ್ಕೂ ಚಿತ್ರಾನ್ನಕ್ಕೂ ಹಿಂಡಿದ ಲಿಂಬೆಯ ಹೋಳುಗಳನ್ನು ಎಸೆಯಬಾರದೆಂದು ಶ್ರೀಗಳವರ ಅಪ್ಪಣೆಯಾಗಿದೆ. ಅಡುಗೆಮನೆಯ ಹಿಂದೆ ಅವುಗಳಿಗಾಗಿ ಬೇರೆ ಕೊಪ್ಪರಿಗೆಗಳನ್ನು ಇಟ್ಟಿದೆ. ನಾಳೆ ಪ್ರಾತಃಕಾಲ ಲಿಂಗಪೂಜೆಯಾದ ಬಳಿಕ ಗೋಶಾಲೆಯ ಹಿಂದೆ ಹೋದ ತಿಂಗಳುಗಳಲ್ಲಿ ತುಂಬಿಟ್ಟ ಗುಂಡಿಯನ್ನು ತೆರೆಯುವೆವು. ಅದರ ಬದಿಯಲ್ಲಿಯೇ ಹೊಸ ಗುಂಡಿಯನ್ನು ತುಂಬುವೆವು. ದನ ಕಟ್ಟಿದವರು ಬಂದು ಕೈಯಲ್ಲಿ ಹಿಡಿದು, ಮೂಸಿ ನೋಡಬಹುದು. ತುಳಿಯಲು ಮನಸ್ಸಿದ್ದವರು ಕಾಲು ತೊಳೆದುಕೊಂಡು ಬರಬೇಕು. ನಾನು ಅಲ್ಲಿ ಇರುವೆನಾದರೂ ಪ್ರಶ್ನೆಗಳನ್ನು ಅಜ್ಜನಿಗೆ ಕೇಳಿರಿ.